ಕೆಂಪು ಚೆಂಡಿನ ಮೌಸು

ಪುಟ್ಟಿ ಮನೆಯ ಹಳೆಯ ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ಹೊಸದಾಗಿ ತುಂಬಿಸಿದ್ದು ಒಂದು ಭಾನುವಾರ ಬೆಳಿಗ್ಗೆ. ಮಧ್ಯಾಹ್ನದ ಊಟದ ಹೊತ್ತಿಗೆ ಅವಳ ಅಪ್ಪನ ಮಾತು ನಿಂತುಹೋಗಿತ್ತು.

ಮಾತು ಎಂದರೆ ಬಾಯಿಯ ಮಾತಲ್ಲ. ಅದು ನಿಂತು ಮೂರು ವರ್ಷವಾಗಿತ್ತು. ನಲವತ್ತು ವರ್ಷ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ಮೇಸ್ತ್ರಿ ಎನ್ನಿಸಿಕೊಂಡಿದ್ದ ಮನುಷ್ಯ ಒಂದು ದಿನ ಬಚ್ಚಲಲ್ಲಿ ಬಿದ್ದರು. ಎತ್ತಿ ಕೂರಿಸುವಷ್ಟರಲ್ಲಿ ಬಲಗಡೆಯ ಮೈ ಸ್ವಾಧೀನ ತಪ್ಪಿತ್ತು, ನಾಲಿಗೆ ತಿರುಗುತ್ತಿರಲಿಲ್ಲ. ಉಳಿದದ್ದು ಎಡಗೈ, ಅದೂ ನಡುಗುತ್ತಿತ್ತು. ವ್ಯಾಯಾಮ ಮಾಡಿಸುವ ಆಸ್ಪತ್ರೆಯವರು ಒಂದು ವಿಚಿತ್ರ ಮೌಸು ಕೊಟ್ಟರು. ಕಿತ್ತಳೆ ಹಣ್ಣಿನಷ್ಟು ದೊಡ್ಡ ಕೆಂಪು ಚೆಂಡು, ಕಪ್ಪು ಬಟ್ಟಲಿನಲ್ಲಿ ಕೂರಿಸಿದ್ದು. ಹೆಬ್ಬೆರಳಿನಿಂದ ಚೆಂಡು ಉರುಳಿಸಿದರೆ ಪರದೆಯ ಮೇಲೆ ಬಾಣ ಓಡುತ್ತದೆ. ಅಕ್ಷರದ ಮೇಲೆ ಎರಡು ಕ್ಷಣ ನಿಂತರೆ ಸಾಕು, ಏನೂ ಒತ್ತದೆಯೇ ಅಕ್ಷರ ಬೀಳುತ್ತದೆ. ಕೈಯ ನಡುಕವನ್ನು ಅದೇ ಸೋಸಿಬಿಡುತ್ತದೆ. ಬರೆದು ಮುಗಿಸಿ ಮೂಲೆಯ ಗಂಟೆಯ ಚಿತ್ರಕ್ಕೆ ಬಾಣ ತಾಗಿಸಿದರೆ ಟಿಣ್ ಎನ್ನುತ್ತದೆ. ಅಡುಗೆಮನೆಯಿಂದ ಅಮ್ಮ ಕೈ ಒರೆಸಿಕೊಂಡು ಬಂದು, ಕನ್ನಡಕ ಏರಿಸಿ ಓದುತ್ತಾಳೆ. ‘ಉಪ್ಪು ಜಾಸ್ತಿ.’ ‘ಕಿಟಕಿ ಮುಚ್ಚು.’ ‘ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ.’

ಲ್ಯಾಪ್‌ಟಾಪಿಗೆ ಹನ್ನೆರಡು ವರ್ಷ. ಬ್ಯಾಟರಿ ಎಂದೋ ಸತ್ತು, ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಮಾತ್ರ ಜೀವ. ಇತ್ತೀಚೆಗೆ ಒಂದು ಅಕ್ಷರ ಬೀಳಲು ಅರ್ಧ ನಿಮಿಷ ಹಿಡಿಯುತ್ತಿತ್ತು. ‘ಈ ಡಬ್ಬಾ ಸತ್ತಿದೆ’ ಎಂದು ಮೇಸ್ತ್ರಿ ಮೂರು ದಿನ ಬರೆದರು. ಪುಟ್ಟಿ ಆಫೀಸಿನ ಕಂಪ್ಯೂಟರಿನವನಿಂದ ಹೊಸ ಸಿಸ್ಟಮ್ಮನ್ನು ಪೆನ್‌ಡ್ರೈವಿನಲ್ಲಿ ತಂದಳು.

ಮೂವತ್ತಾರು ತುಂಬಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಔಷಧಿಯ ಡಬ್ಬಿಯೊಳಗೆ ಮಡಿಸಿಡುವ ಚೀಟಿಗಳನ್ನು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಒಂದು ಸೊನ್ನೆ ಹೆಚ್ಚು ಬಿದ್ದರೆ ಯಾರದೋ ಪ್ರಾಣ ಹೋದೀತೆಂಬ ಭಯದಲ್ಲಿ ಹನ್ನೊಂದು ವರ್ಷ ಕಳೆದವಳು. ಅಳಿಸುವ ಮೊದಲು ಪಟ್ಟಿ ಬರೆದಿದ್ದಳು: ಫೋಟೋಗಳು, ಅಪ್ಪನ ಪತ್ರಗಳು, ಲಿಫ್ಟಿನ ನಕ್ಷೆಗಳು. ಎಲ್ಲವನ್ನೂ ನಕಲು ಮಾಡಿ ಟಿಕ್ ಹಾಕಿದ್ದಳು. ಮೌಸು ಕಣ್ಣೆದುರಿಗೇ ಇತ್ತು. ಕಣ್ಣೆದುರಿಗೆ ಇರುವುದರ ನಕಲನ್ನೂ ತೆಗೆದಿಡಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಎಲ್ಲ ಮುಗಿಸಿ ಮೌಸು ಚುಚ್ಚಿದಾಗ ಬಾಣ ಹೆದರಿದ ನೊಣದಂತೆ ಈ ಮೂಲೆಯಿಂದ ಆ ಮೂಲೆಗೆ ಹಾರಿತು. ಮೇಸ್ತ್ರಿ ಚೆಂಡಿನ ಮೇಲೆ ಬೆರಳಿಟ್ಟರು, ತೆಗೆದರು, ಮತ್ತೆ ಇಟ್ಟರು. ಒಂದೂ ಅಕ್ಷರ ಬೀಳಲಿಲ್ಲ.

“ಏನಾಯ್ತೇ?” ಅಮ್ಮ ಗಂಜಿಯ ಬಟ್ಟಲು ಹಿಡಿದು ಬಂದಳು.

“ಡ್ರೈವರ್ ಹೋಗಿದೆ ಅಮ್ಮ.”

“ಹಾಗಂದ್ರೆ?”

“ಈ ಚೆಂಡು ಏನು ಹೇಳ್ತಿದೆ ಅಂತ ಡಬ್ಬಕ್ಕೆ ತಿಳಿಸೋಕೆ ಒಂದು ಪ್ರೋಗ್ರಾಮ್ ಇರುತ್ತೆ. ಅದೂ ಅಳಿಸಿಹೋಗಿದೆ.”

“ನೆಟ್ಟಗಿದ್ದದ್ದನ್ನ ಯಾಕೆ ಕೆದಕೋಕೆ ಹೋದೆ?”

“ಸತ್ತಿದೆ ಅಂತ ಅವರೇ ಬರೆದದ್ದಲ್ವಾ?”

“ಅವರು ಹಾಗೆ ನನಗೆ ದಿನಾ ಬರೀತಾರೆ. ನಾನೇನು ಸತ್ತೋದ್ನಾ?” ಅಮ್ಮ ಕುರ್ಚಿ ಎಳೆದು ಕೂತು ಚಮಚ ಎತ್ತಿದಳು. “ಬಾಯಿ ತೆಗೀರಿ.”

ಅದೇ ಸಂಜೆ ಅಣ್ಣ ಬಂದ, ಜೊತೆಗೆ ಅತ್ತಿಗೆ. ಅಣ್ಣನದು ಸಾಮಾನು ಸಾಗಿಸುವ ವ್ಯಾನು. ಭಾನುವಾರ ಮಾತ್ರ ಬಿಡುವು. ಕೂರುವ ಮುಂಚೆಯೇ ಸುದ್ದಿ ಹೇಳಿದ.

“ಅಪ್ಪನ ಹೆಸರು ಬರೆಸಿದ್ನಲ್ಲ, ಆ ಆರೈಕೆ ಕೇಂದ್ರದಿಂದ ಫೋನ್ ಬಂದಿತ್ತು. ಒಂದು ಹಾಸಿಗೆ ಖಾಲಿ ಆಗಿದೆಯಂತೆ.”

“ಖಾಲಿ ಆಗಿದೆ ಅಂದ್ರೆ?” ಪುಟ್ಟಿ ಕೇಳಿದಳು.

“ಖಾಲಿ ಆಗಿದೆ ಅಂದ್ರೆ ಖಾಲಿ ಆಗಿದೆ. ಅದನ್ನೆಲ್ಲ ಯಾಕೆ ಬಿಡಿಸಿ ಕೇಳ್ತೀಯ?”

“ಅಪ್ಪನ್ನ ಕೇಳಿದೀಯಾ?”

“ಅವರೇ ಬಂದು ಕೇಳ್ತಾರೆ ಕಣೇ. ಇನ್ನು ನಾಲ್ಕು ವಾರಕ್ಕೆ, ಗುರುವಾರ, ಒಬ್ಬರು ಮೇಡಂ ಬರ್ತಾರೆ. ಅಪ್ಪ ಹೂಂ ಅಂದ್ರೆ ಕರ್ಕೊಂಡು ಹೋಗ್ತಾರೆ, ಒಲ್ಲೆ ಅಂದ್ರೆ ಹಾಸಿಗೆ ಇನ್ನೊಬ್ಬರಿಗೆ. ಹೇಳೋಕೆ ಅವರ ಕೈಲಿ ಆಗಲ್ಲ ಅಂತಾದ್ರೆ ಅಮ್ಮನ ಸಹಿ ಸಾಕು.”

“ತಲೆ ಆಡಿಸಿದ್ರೆ ಆಗಲ್ವಾ?”

“ಅಪ್ಪನ ಕತ್ತು ಇಪ್ಪತ್ನಾಲ್ಕು ಗಂಟೆನೂ ತಾನಾಗೇ ಆಡುತ್ತೆ. ಅದನ್ನ ಯಾರು ಹೂಂ ಅಂತಾರೆ, ಯಾರು ಊಹೂಂ ಅಂತಾರೆ? ಬರೆದು ತೋರಿಸ್ಬೇಕಂತೆ.”

ಎಲ್ಲರ ಕಣ್ಣೂ ಕೆಂಪು ಚೆಂಡಿನ ಕಡೆ ಹೋಯಿತು. ಪುಟ್ಟಿ ಆದದ್ದನ್ನು ಹೇಳಿದಳು.

“ಹಾಗಾದ್ರೆ ಒಂಥರಾ ಒಳ್ಳೇದೇ—” ಎಂದು ಶುರುಮಾಡಿದ ಅತ್ತಿಗೆ ನಾಲಿಗೆ ಕಚ್ಚಿಕೊಂಡಳು. “ಅಲ್ಲ, ಅತ್ತೆಯ ಬೆನ್ನುನೋವು ನೋಡಿ ಹೇಳ್ದೆ ಅಷ್ಟೇ.”

ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಮೇಸ್ತ್ರಿ ಕೂತಿದ್ದರು. ಅವರ ಕಿವಿಗೆ ಏನೂ ಆಗಿರಲಿಲ್ಲ. ಆದರೆ ಅಂದಿನಿಂದ ಮನೆಯವರೆಲ್ಲ ಅವರು ಕಿವುಡರೇನೋ ಎಂಬಂತೆ ಎದುರಿಗೇ ಮಾತಾಡತೊಡಗಿದರು.

ಮೊದಲನೆಯ ವಾರ ಪುಟ್ಟಿ ಆಫೀಸಿನಿಂದ ಬಂದವಳೇ ಲ್ಯಾಪ್‌ಟಾಪಿನ ಮುಂದೆ ಕೂತಳು. ಸಾಧನಗಳ ಪಟ್ಟಿಯಲ್ಲಿ ಮೌಸಿನ ಪಕ್ಕ ಹಳದಿ ತ್ರಿಕೋನ. ಎಲ್ಲ ಮೌಸಿಗೂ ಆಗುವ ಸಾಮಾನ್ಯ ಡ್ರೈವರ್ ಹಾಕಿದಳು. ಬಾಣದ ವೇಗ ತಗ್ಗಿತು, ಆದರೆ ನಡುಕ ಹಾಗೇ ಉಳಿಯಿತು, ನಿಂತರೆ ಅಕ್ಷರ ಬೀಳುವುದಂತೂ ಇಲ್ಲ. ಗುಂಡಿ ಒತ್ತಲು ಅಪ್ಪನ ಬೆರಳಲ್ಲಿ ಬಲವಿರಲಿಲ್ಲ. ಮೌಸು ಮಾಡಿದ ಕಂಪನಿ ಮುಚ್ಚಿಹೋಗಿತ್ತು. ಇಂಟರ್ನೆಟ್ಟಿನಲ್ಲಿ ಬೇರೊಂದು ಕಡೆ ‘ಇಲ್ಲಿ ಒತ್ತಿ’ ಎಂಬ ಹಸಿರು ಗುಂಡಿ ನಂಬಿ ಒತ್ತಿದ್ದಕ್ಕೆ ಪರದೆಯ ತುಂಬ ಜೂಜಿನ ಜಾಹೀರಾತು. ಅದನ್ನು ಕಿತ್ತುಹಾಕಲು ಎರಡು ಸಂಜೆ ಹೋಯಿತು. ಕಾಗದದ ಮೇಲೆ ಅಕ್ಷರ ಬರೆದು ತೋರಿಸಿದಳು. ಅಪ್ಪನ ಬೆರಳು ಮೂರು ಅಕ್ಷರದ ಮೇಲೆ ಒಟ್ಟಿಗೆ ಕುಣಿಯಿತು. ಅವರು ಕಾಗದವನ್ನು ನೆಲಕ್ಕೆ ತಳ್ಳಿದರು.

ಎರಡನೆಯ ವಾರ ಅವಳಿಗೆ ನೆನಪಾಯಿತು. ಮೌಸಿನ ಜೊತೆ ಒಂದು ಸಿಡಿ ಬಂದಿತ್ತು. ಡ್ರೈವರ್ ಅದರಲ್ಲೇ ಇತ್ತು. ಬೀರು, ಟ್ರಂಕು, ಔಷಧಿಯ ಡಬ್ಬ ಎಲ್ಲ ಜಾಲಾಡಿದಳು.

“ಏನೇ ಅದು ಹುಡುಕ್ತಿರೋದು, ಮನೆ ತಲೆಕೆಳಗು ಮಾಡಿ?”

“ಒಂದು ಸಿಡಿ ಅಮ್ಮ. ಹೊಳೆಯುತ್ತೆ, ದುಂಡಗೆ, ಮಧ್ಯೆ ತೂತು.”

“ಅದಾ? ಪಾರಿವಾಳಕ್ಕೆ ಕಟ್ಟಿದೀನಲ್ಲ.”

ಬಾಲ್ಕನಿಯ ಬಟ್ಟೆ ಒಣಹಾಕುವ ತಂತಿಗೆ ನಾಲ್ಕು ಸಿಡಿಗಳು ದಾರದಲ್ಲಿ ನೇತಾಡುತ್ತಿದ್ದವು. ಪಾರಿವಾಳ ಒಗೆದ ಬಟ್ಟೆಯ ಮೇಲೆ ಗಲೀಜು ಮಾಡದಿರಲೆಂದು, ಬಿಸಿಲಿಗೆ ಹೊಳೆದು ಹೆದರಿಸಲೆಂದು ಅಮ್ಮ ಕಟ್ಟಿದ್ದು. ಒಂದೂವರೆ ವರ್ಷದ ಬಿಸಿಲು, ಗಾಳಿ, ಗೋಡೆಗೆ ಉಜ್ಜಾಟ. ಮೂರನೆಯದರ ಮೇಲೆ ಕೆಂಪು ಚೆಂಡಿನ ಚಿತ್ರ ಅರ್ಧ ಉಳಿದಿತ್ತು. ಬೆಳ್ಳಿಯ ಪದರ ಸುಟ್ಟ ಚರ್ಮದಂತೆ ಸುಲಿದಿತ್ತು.

“ಯಾರನ್ನಾದ್ರೂ ಒಂದು ಮಾತು ಕೇಳ್ಬಾರ್ದಿತ್ತಾ?”

“ಯಾರನ್ನ ಕೇಳ್ಲಿ? ನೀನು ಎಂಟು ಗಂಟೆಗೆ ಹೊರಟ್ರೆ ಆರಕ್ಕೆ ಬರ್ತೀಯ. ಅವರನ್ನ ಕೇಳಿದ್ರೆ ‘ತಲೆ ಇಲ್ಲದವಳು’ ಅಂತ ಬರೀತಾರೆ. ಹಾಸಿಗೆ ಬಟ್ಟೆ ದಿನಕ್ಕೆ ಎರಡು ಸಲ ಒಗೀತೀನಿ ಪುಟ್ಟಿ. ಪಾರಿವಾಳ ಹೇಸಿದ್ರೆ ಮೂರು ಸಲ.”

ಮಾರ್ಕೆಟ್ಟಿನ ಮೆಟ್ಟಿಲ ಕೆಳಗೆ ಲ್ಯಾಪ್‌ಟಾಪ್ ರಿಪೇರಿಯವನ ಅಂಗಡಿ. ಅವನು ಸಿಡಿಯನ್ನು ಬಲ್ಬಿಗೆ ಹಿಡಿದು ನೋಡಿದ.

“ಇದನ್ನ ಯಾರು ತಿಂದ್ರು?”

“ಪಾರಿವಾಳಕ್ಕೆ ಕಟ್ಟಿತ್ತು.”

“ಪಾರಿವಾಳ ಓಡಿಹೋದ್ವಾ?”

“ಇಲ್ಲ.”

“ಹಂಗಾದ್ರೆ ಅದಕ್ಕೂ ಉಪಯೋಗಕ್ಕೆ ಬರಲಿಲ್ಲ.” ನಗುತ್ತ ಯಂತ್ರಕ್ಕೆ ಹಾಕಿದ. ಅದು ಗರಗರ ತಿರುಗಿ ಮೂರು ಸಲ ಉಗಿಯಿತು. “ಆಗಲ್ಲ ಮೇಡಂ. ಇದೇ ಮೌಸು ಇರೋ ಇನ್ನೊಬ್ಬರನ್ನ ಹಿಡೀರಿ. ಅವರ ಕಂಪ್ಯೂಟರಿಂದ ಎತ್ಕೊಂಡು ಬನ್ನಿ. ಬೇರೆ ದಾರಿ ಇಲ್ಲ.”

ಮೂರನೆಯ ವಾರದ ಒಂದು ದಿನ ಪ್ರೆಸ್ಸಿನ ಯಂತ್ರ ಕೆಟ್ಟು ಪುಟ್ಟಿ ಮಧ್ಯಾಹ್ನವೇ ಮನೆಗೆ ಬಂದಳು. ಬಾಗಿಲು ಓರೆಯಾಗಿತ್ತು. ಒಳಗಿನಿಂದ ಅಮ್ಮನ ಮಾತು ಕೇಳಿಸಿತು. ಯಾರೋ ಬಂದಿದ್ದಾರೆಂದುಕೊಂಡಳು, ಅಮ್ಮ ಅಷ್ಟು ಉದ್ದಕ್ಕೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

“…ಮದುವೆಯಾಗಿ ಬಂದಾಗಿಂದ ನೀವು ಹೇಳೋದು, ನಾನು ಕೇಳೋದು. ಈಗ ಹದಿನೇಳು ದಿನದಿಂದ ನಾನು ಹೇಳ್ತಿದೀನಿ. ಬಾಯಿ ತೆಗೀರಿ. ಹಾಂ. ಈ ಮಣಿಕಟ್ಟು ನೋಡಿ. ನಿಮ್ಮನ್ನ ಎತ್ತಿ ಎತ್ತಿ ಇದು ಲೋಟ ಹಿಡಿಯಲ್ಲ. ಮೊನ್ನೆ ಬಚ್ಚಲಲ್ಲಿ ನಿಮ್ಮ ಜೊತೆ ನಾನೂ ಬಿದ್ದಿದ್ರೆ ಯಾರು ಎತ್ತೋರು? ಪುಟ್ಟಿಗೆ ಹೇಳಿಲ್ಲ ನಾನು. ಹೇಳಿದ್ರೆ ಅವಳು ಕೆಲಸ ಬಿಡ್ತಾಳೆ. ಹೋಗಿ ರೀ ಅಲ್ಲಿಗೆ. ದಿನಾ ಬರ್ತೀನಿ. ಸ್ನಾನ ಮಾಡಿ, ಒಳ್ಳೇ ಸೀರೆ ಉಟ್ಕೊಂಡು, ಪಕ್ಕದಲ್ಲಿ ಕೂತ್ಕೊಳ್ಳೋಕೆ ಬರ್ತೀನಿ. ಹೆಂಡತಿ ಥರ ಬರ್ತೀನಿ. ಇಲ್ಲಿ ನಾನು ಆಯಾ.”

ಚಮಚ ಬಟ್ಟಲಿಗೆ ತಾಗಿದ ಸದ್ದಾಯಿತು.

“ಕಣ್ಣು ಮುಚ್ಕೋಬೇಡಿ. ಕೇಳಿಸ್ತಿದೆ ನಿಮಗೆ.”

ಪುಟ್ಟಿ ಎರಡು ಮೆಟ್ಟಿಲು ಇಳಿದು, ಚಪ್ಪಲಿಯ ಸದ್ದು ಜೋರಾಗಿ ಮಾಡುತ್ತ ಮತ್ತೆ ಹತ್ತಿದಳು. “ಅಮ್ಮ, ಇವತ್ತು ಬೇಗ ಬಿಟ್ರು.” ಅಮ್ಮ ಗಂಜಿಯ ಬಟ್ಟಲು ತೊಳೆಯಲು ಎದ್ದು ಹೋಗಿದ್ದಳು.

ವ್ಯಾಯಾಮದ ಆಸ್ಪತ್ರೆಯ ಗುಮಾಸ್ತೆ ಹಳೆಯ ಪಟ್ಟಿ ನೋಡಿ ಒಂದು ವಿಳಾಸ ಕೊಟ್ಟಳು. ಅದು ನದಿಯಾಚೆಯ ಬಡಾವಣೆ, ಎರಡು ಬಸ್ಸು ಬದಲಿಸಬೇಕು. ಬಾಗಿಲು ತೆರೆದವರು ನಿವೃತ್ತ ಅಂಚೆಯವರು. ಅವರ ಹೆಂಡತಿಗೆ ಇದೇ ಮೌಸು ಇತ್ತು. ಆಕೆ ತೀರಿಹೋಗಿ ಎಂಟು ತಿಂಗಳು.

“ಲ್ಯಾಪ್‌ಟಾಪ್ ಇದೆ ತಾಯಿ. ತೆಗೆದಿಲ್ಲ. ಏನು ಬೇಕೋ ತಗೊಳ್ಳಿ, ಏನೂ ಅಳಿಸಬೇಡಿ.”

ಆನ್ ಮಾಡಿದೊಡನೆ ಅವರ ಹೆಂಡತಿ ಬರೆದ ಕೊನೆಯ ಸಾಲು ದೊಡ್ಡ ಅಕ್ಷರದಲ್ಲಿ ಬಂತು: ‘ನೀವು ಊಟ ಮಾಡಿದ್ರಾ’. ಪುಟ್ಟಿ ಅದನ್ನು ಮುಚ್ಚದೆ ಪಕ್ಕಕ್ಕೆ ಸರಿಸಿ, ಡ್ರೈವರಿನ ಕಡತ ಹುಡುಕಿ ಪೆನ್‌ಡ್ರೈವಿಗೆ ಹಾಕಿಕೊಂಡಳು. ಅಂಚೆಯವರು ಚಹಾ ಮಾಡಿ ತಂದರು, ಸಕ್ಕರೆ ಹಾಕಲು ಮರೆತಿದ್ದರು. ಅವಳು ಹಾಗೇ ಕುಡಿದಳು.

ಮನೆಗೆ ಬಂದು ಹಾಕಿದರೆ ಹೊಸ ಸಿಸ್ಟಮ್ಮು ಒಪ್ಪಲಿಲ್ಲ. ಈ ಡ್ರೈವರಿನಲ್ಲಿ ತಯಾರಕರ ಸಹಿ ಇಲ್ಲ, ನಂಬಲಾಗದು ಎಂದಿತು. ರಿಪೇರಿಯವನಿಗೆ ಫೋನ್ ಮಾಡಿದಳು.

“ಸಹಿ ನೋಡೋದನ್ನ ನಿಲ್ಸಿ. ಆನ್ ಆಗೋವಾಗ ನೀಲಿ ಪರದೆಯಲ್ಲಿ ಒಂದು ಪಟ್ಟಿ ಬರೋ ಹಾಗೆ ಮಾಡೋದು ಹೇಳ್ಕೊಡ್ತೀನಿ. ಅದರಲ್ಲಿ 7 ಒತ್ತಿ.”

“ಒಂದು ಸಲ ಒತ್ತಿದ್ರೆ ಸಾಕಾ?”

“ಎಲ್ಲಿ ಸಾಕು? ಆಫ್ ಆದ್ರೆ ಮರೆತುಬಿಡುತ್ತೆ. ದಿನಾ ಬೆಳಿಗ್ಗೆ ಒತ್ತಬೇಕು. ಯಾರು ಬೇಕಾದ್ರೂ ಒತ್ತಬಹುದು, ವಿದ್ಯೆ ಏನೂ ಬೇಡ.”

ಮಂಗಳವಾರ ಸಂಜೆ, ಮೇಡಂ ಬರಲು ಇನ್ನೆರಡು ದಿನ ಇರುವಾಗ, ಹಳದಿ ತ್ರಿಕೋನ ಮಾಯವಾಯಿತು. ಪುಟ್ಟಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತನ್ನ ಹೆಬ್ಬೆರಳಿನಲ್ಲೇ ಚೆಂಡು ಉರುಳಿಸಿದಳು. ಬಾಣ ನಿಧಾನಕ್ಕೆ ಹೋಗಿ ನಿಂತಿತು. ಅಕ್ಷರ ಬಿತ್ತು.

“ಬಂತಮ್ಮ! ನೋಡು, ಬಂತು! ಬೆಳಿಗ್ಗೆ ನೀನು ಇದೊಂದು ಒತ್ತಿದ್ರೆ ಆಯ್ತು.”

ಅಮ್ಮ ಬೀನ್ಸಿನ ನಾರು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

“ಅವರಿಗೆ ಹೇಳಿದೀಯಾ?”

“ಈಗ ಹೇಳ್ತೀನಿ.”

“ಹೇಳ್ಬೇಡ.” ಅಮ್ಮ ಮಧ್ಯದ ಬಾಗಿಲನ್ನು ಕಾಲಿನಿಂದ ತಳ್ಳಿ ಮುಚ್ಚಿದಳು. “ಗುರುವಾರ ಕಳೀಲಿ. ಸಿಗಲಿಲ್ಲ ಅಂತ ಹೇಳು. ನಾನು ಸಹಿ ಹಾಕ್ತೀನಿ. ಶುಕ್ರವಾರ ಇದನ್ನೂ ಅವರ ಜೊತೆ ಕಳ್ಸೋಣ. ಅಲ್ಲಿ ಬರ್ಕೊಳ್ಲಿ, ಎಷ್ಟು ಬೇಕಾದ್ರೂ.”

“ಅಮ್ಮ, ಅದು ಮೋಸ.”

“ಹೂಂ.”

“ಅವರ ಬದುಕಿನ ಬಗ್ಗೆ ಕೇಳೋಕೆ ಬರ್ತಿದಾರೆ. ಅವರ ಬಾಯಿ ನಾವು ಕಟ್ಟೋದಾ?”

“ನೀನು ಓದಿದವಳು. ನಿನ್ನ ಮಾತು ಸರಿಯಾಗೇ ಇರುತ್ತೆ.” ಅಮ್ಮ ಒಂದು ಬೀನ್ಸ್ ಮುರಿದಳು. ಮಣಿಕಟ್ಟಿಗೆ ಹಳೆಯ ಪಂಚೆಯ ಅಂಚು ಸುತ್ತಿಕೊಂಡಿದ್ದಳು. “ನಾನು ಇಷ್ಟು ವರ್ಷದಲ್ಲಿ ನಿನ್ನ ಹತ್ರ ಏನಾದ್ರೂ ಕೇಳಿದೀನಾ?”

“ಇಲ್ಲ.”

“ಇದೊಂದು ಕೇಳ್ತಿದೀನಿ.”

ಪುಟ್ಟಿಗೆ ಬಾಗಿಲಾಚೆ ಅಂದು ಕೇಳಿದ್ದೆಲ್ಲ ನೆನಪಾಯಿತು. ಬೇರೆ ದಾರಿಗಳನ್ನೂ ಯೋಚಿಸಿದಳು: ಹಗಲಿಗೆ ಒಬ್ಬ ಆಳು, ತನ್ನ ಕೆಲಸ ಅರ್ಧ ದಿನಕ್ಕೆ, ಅಣ್ಣನ ಸರದಿ. ಯಾವುದೂ ಗುರುವಾರದೊಳಗೆ ಆಗುವಂಥದ್ದಲ್ಲ.

“ಆಗಲ್ಲಮ್ಮ,” ಎಂದಳು. “ನಾನು ಅವರಿಗೆ ಹೇಳ್ತೀನಿ. ಆಳಿನ ವಿಷಯ ಮುಂದಿನ ತಿಂಗಳು ನೋಡೋಣ.”

“ನೋಡೋಣ,” ಎಂದಳು ಅಮ್ಮ. ಉಳಿದ ಬೀನ್ಸನ್ನು ನಾರು ತೆಗೆಯದೆಯೇ ಪಾತ್ರೆಗೆ ಹಾಕಿದಳು.

ಗುರುವಾರ ಹನ್ನೊಂದಕ್ಕೆ ಕೇಂದ್ರದ ಮೇಡಂ ಬಂದರು. ಒಳ್ಳೆಯ ಹೆಂಗಸು, ಚಪ್ಪಲಿ ಹೊರಗೆ ಬಿಟ್ಟು, ಮೇಸ್ತ್ರಿಯ ಎದುರು ಸ್ಟೂಲಿನ ಮೇಲೆ ಕೂತರು. ಅಣ್ಣ ವ್ಯಾನಿನ ಬೀಗದಕೈ ತಿರುಗಿಸುತ್ತ ಬಾಗಿಲಲ್ಲಿ ನಿಂತಿದ್ದ. ಅಮ್ಮ ಗೋಡೆಗೆ ಒರಗಿದ್ದಳು.

“ಯಜಮಾನರೇ, ನಮ್ಮ ಕೇಂದ್ರಕ್ಕೆ ಬರ್ತೀರಾ, ಮನೇಲೇ ಇರ್ತೀರಾ? ನಿಮ್ಮ ಮನಸ್ಸಲ್ಲಿ ಇರೋದನ್ನ ಬರೀರಿ. ಅವಸರ ಇಲ್ಲ.”

ಮೇಸ್ತ್ರಿ ಅಮ್ಮನ ಕಡೆ ನೋಡಿದರು. ಒಂದು ಗಳಿಗೆಯಲ್ಲ, ತುಂಬ ಹೊತ್ತು ನೋಡಿದರು. ಅವರಿಗೆ ಗೊತ್ತಿತ್ತು. ಹದಿನೇಳು ದಿನ, ಆಮೇಲಿನ ದಿನಗಳೂ, ಪ್ರತಿ ತುತ್ತಿನ ಜೊತೆಗೆ ಅವರು ಅದನ್ನು ಕೇಳಿದ್ದರು. ಚೆಂಡು ಉರುಳತೊಡಗಿತು. ಪುಟ್ಟಿ ತಾನೇ ಬರೆಯುತ್ತಿರುವಂತೆ ಬೆರಳು ಬಿಗಿಹಿಡಿದಳು.

‘ಇಲ್ಲೇ’ ಎಂದು ಬಿತ್ತು.

“ಇಲ್ಲೇ ಇರ್ತೀರಿ. ಸರಿ. ನೋಡ್ಕೊಳ್ಳೋದು ಕಷ್ಟ ಆಗಲ್ವಾ?”

ಮತ್ತೆ ಚೆಂಡು. ಈ ಸಲ ನಾಲ್ಕು ನಿಮಿಷ ಹಿಡಿಯಿತು. ಒಂದು ಅಕ್ಷರ ತಪ್ಪಿತು, ಅಳಿಸಿ ಸರಿಮಾಡಿದರು.

‘ಇವಳು ನೋಡ್ಕೋತಾಳೆ.’

ಗಂಟೆ ಟಿಣ್ ಎಂದಿತು. ಅಭ್ಯಾಸಬಲದಿಂದ ಅಮ್ಮ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು, ಕನ್ನಡಕ ಏರಿಸಿದಳು, ಓದಿದಳು.

“ಎಷ್ಟು ನಂಬಿಕೆ ನೋಡಿ ನಿಮ್ಮ ಮೇಲೆ!” ಮೇಡಂ ನಿಜವಾಗಿಯೂ ಸಂತೋಷಪಟ್ಟರು. ಫಾರಮ್ಮಿನಲ್ಲಿ ಟಿಕ್ ಹಾಕಿ ತಿರುವಿದರು. ಪುಟ್ಟಿ ಬಗ್ಗಿ ನೋಡಿದಳು. ಎರಡೂ ಬದಿಯಲ್ಲಿ ಅಮ್ಮನನ್ನು ಏನಾದರೂ ಕೇಳುವ ಜಾಗ ಇರಲಿಲ್ಲ. “ನೀವು ಏನಾದ್ರೂ ಹೇಳೋದಿದೆಯಾ ಅಮ್ಮ?” ಮೇಡಂ ಕೇಳಿದರು.

“ಏನಿಲ್ಲ. ಚಹಾ ತರ್ತೀನಿ.”

ಅಣ್ಣ ಮೆಟ್ಟಿಲಿಳಿಯುವಾಗ ಪುಟ್ಟಿಯ ಕಿವಿಯ ಹತ್ತಿರ ಹೇಳಿದ: “ಗೆದ್ದೆಯಲ್ಲ. ಇನ್ಮೇಲೆ ಅಮ್ಮನ್ನೂ ನೀನೇ ಎತ್ತು.”

ಮಾರನೆಯ ಬೆಳಿಗ್ಗೆ ಬಸ್ಸಿಗೆ ಹೊರಡುವ ಮುನ್ನ ಅವಳು ಅಮ್ಮನಿಗೆ ಮತ್ತೊಮ್ಮೆ ತೋರಿಸಿದಳು. “ಪ್ಲಗ್ ಹಾಕು. ನೀಲಿ ಪರದೆ ಬರುತ್ತೆ. ಮೇಲಿನ ಸಾಲಿನಲ್ಲಿ 7. ಅಷ್ಟೇ.”

“ಗೊತ್ತಾಯ್ತು. ನೀನು ಹೊರಡು, ಲೇಟಾಗುತ್ತೆ.”

ಸಂಜೆ ಆರಕ್ಕೆ ಬಂದಾಗ ಮನೆಯಲ್ಲಿ ಸದ್ದಿರಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಅದರ ಮೇಲೆ ಮಡಿಸಿದ ಟವೆಲ್ಲು ಇಟ್ಟಿತ್ತು. ಅಮ್ಮ ದಿವಾನದ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದಳು, ಪಂಚೆ ಸುತ್ತಿದ ಕೈ ಎದೆಯ ಮೇಲೆ. ಹಗಲಲ್ಲಿ ಅಮ್ಮ ಮಲಗಿದ್ದನ್ನು ಪುಟ್ಟಿ ಹೆರಿಗೆ, ಜ್ವರ ಬಿಟ್ಟರೆ ಕೇಳಿಯೂ ಇರಲಿಲ್ಲ. ಅಪ್ಪನ ಬಟ್ಟೆ ಶುಭ್ರವಾಗಿತ್ತು, ಬಾಯಿ ಒರೆಸಿತ್ತು, ಬೆನ್ನಿಗೆ ದಿಂಬು ಕೊಟ್ಟಿತ್ತು. ಅವರ ಎಡಗೈ ಚೆಂಡಿನ ಮೇಲಿತ್ತು. ಅವರು ಮಗಳನ್ನು ನೋಡಿದರು, ಮುಚ್ಚಳ ನೋಡಿದರು, ಮತ್ತೆ ಮಗಳನ್ನು ನೋಡಿದರು.

ಪುಟ್ಟಿ ಟವೆಲ್ಲು ತೆಗೆದಳು. ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ದಿವಾನದ ಹಲಗೆ ಕಿರುಗುಟ್ಟಿತು. ಅಮ್ಮ ಗಾಬರಿಯಿಂದ ಎದ್ದು ಕೂತು ಸೆರಗು ಸರಿಮಾಡಿಕೊಂಡಳು.

“ಬೆಳಿಗ್ಗೆಯಿಂದ ಕರೆಂಟೇ ಇಲ್ಲ ಕಣೇ,” ಎಂದಳು. “ಅದಕ್ಕೇ ಹಾಕಲಿಲ್ಲ.”

ಪುಟ್ಟಿ ಅಮ್ಮನ ಮುಖ ನೋಡಿದಳು. ಆಮೇಲೆ ಟವೆಲ್ಲನ್ನು ಇದ್ದ ಹಾಗೇ ಮಡಿಸಿ ಮುಚ್ಚಳದ ಮೇಲೆ ಇಟ್ಟಳು.

“ಹೌದು,” ಎಂದಳು. “ನಮ್ಮ ಆಫೀಸಿನ ಕಡೆನೂ ಇರಲಿಲ್ಲ. ನೀನು ಮಲಕ್ಕೋ, ಅಡುಗೆ ನಾನು ಮಾಡ್ತೀನಿ.”

ಮೇಸ್ತ್ರಿ ಇಬ್ಬರನ್ನೂ ನೋಡುತ್ತಿದ್ದರು. ಮೂವರ ತಲೆಯ ಮೇಲೂ ಫ್ಯಾನು ತಿರುಗುತ್ತಿತ್ತು.